ಸರಸು ಕವಾತ್ತು ಕತ್ತರಿ ಹಿಡಿದ ವರ್ಷ

ತಮಿಳು ಸೀಮೆಯ ಕಾಮಯಗೌಂಡನ್‌ಪಟ್ಟಿಯಲ್ಲಿ ಪಾಂಡಿಯ ಕೈಗೆ ಒಂದು ಹೆಸರಿತ್ತು. ಚಳಿ ಇಳಿಯುವ ಹೊತ್ತಿಗೆ, ತೈ ತಿಂಗಳಲ್ಲಿ, ದ್ರಾಕ್ಷಿ ಬಳ್ಳಿಯ ಹಳೆಯ ಕಡ್ಡಿಗಳನ್ನು ಸವರಿ ಮುಂದಿನ ಫಸಲಿಗೆ ಅಣಿ ಮಾಡುವ ಕೆಲಸವನ್ನು ಅಲ್ಲಿಯವರು ಕವಾತ್ತು ಎನ್ನುತ್ತಾರೆ. ಪಾಂಡಿ ಕವಾತ್ತು ಮಾಡಿದ ಚಪ್ಪರ ಮೋಸ ಮಾಡುವುದಿಲ್ಲ ಎಂಬುದು ಊರಿನ ನಂಬಿಕೆ. ಅಂಥ ಪಾಂಡಿಯ ಬಲಭುಜ ಆ ವರ್ಷ ಕಲ್ಲಿನಂತೆ ಬಿಗಿದುಕೊಂಡಿತು. ಅಂಗಿ ತೊಡುವಾಗಲೂ ಹೆಂಡತಿ ಸರಸು ತೋಳಿನೊಳಗೆ ಕೈ ತೂರಿಸಿ ಕೊಡಬೇಕಿತ್ತು. ಮಳೆಗಾಲದವರೆಗೆ ತಲೆಗಿಂತ ಮೇಲೆ ಕೈ ಎತ್ತುವ ಕೆಲಸ ಮಾಡಬೇಡಿ ಎಂದು ಕಂಬಂನ ಡಾಕ್ಟರು ಹೇಳಿಬಿಟ್ಟರು. ದ್ರಾಕ್ಷಿ ಚಪ್ಪರದ ಕೆಳಗೆ ತಲೆಗಿಂತ ಮೇಲೆ ಕೈ ಎತ್ತದೆ ಆಗುವ ಕೆಲಸವಾದರೂ ಯಾವುದಿದೆ?

ಕವಾತ್ತು ಆಳುಗಳ ಗುಂಪು ನಡೆಸುತ್ತಿದ್ದ ಜೆಯರಾಜ್‌ನನ್ನು ಕೇಳಿದ್ದಾಯಿತು. ಎಲ್ಲ ತೋಟಗಳಿಗೂ ಒಂದೇ ಸಮಯದಲ್ಲಿ ಕತ್ತರಿ ಬೀಳಬೇಕಾದ್ದರಿಂದ ಅವನ ಆಳುಗಳು ಎಲ್ಲೂ ಬಿಡುವಾಗಿರಲಿಲ್ಲ. ತೈ ಮುಗಿದು ಮಾಸಿ ತಿಂಗಳು ಬರಲಿ, ನಾನೇ ಬಂದು ನಿಲ್ಲುತ್ತೇನೆ ಎಂದ. ಆದರೆ ಅಷ್ಟು ತಡವಾಗಿ ಸವರಿದರೆ ಹಣ್ಣು ಮಾಗುವ ಹೊತ್ತಿಗೆ ಕುಮಳಿ ಘಾಟಿಯಿಂದ ಮಳೆ ಇಳಿದುಬರುತ್ತದೆ. ನೀರು ಬಿದ್ದ ಪನ್ನೀರ್ ತಳಿಯ ದ್ರಾಕ್ಷಿ ಗೊನೆಯಲ್ಲೇ ಒಡೆದು ಹುಳಿಯುತ್ತದೆ. ಪಾಂಡಿ ಮನೆ ಮುಂದಿನ ತಿಣ್ಣೆಯ ಮೇಲೆ ಕೂತು, ಈ ವರ್ಷ ತೋಟವನ್ನು ಹಾಗೇ ಬಿಟ್ಟುಬಿಡೋಣ ಎಂದ. ಅವನು ಅದನ್ನು ಎಷ್ಟು ಮೆಲ್ಲಗೆ ಹೇಳಿದನೆಂದರೆ, ಸರಸುವಿಗೆ ಗಂಡನ ಭುಜಕ್ಕಿಂತ ಅವನ ದನಿಯ ಬಗ್ಗೆಯೇ ಹೆಚ್ಚು ಚಿಂತೆಯಾಯಿತು.

ಸರಸು ಪಕ್ಕದ ಗೂಡಲೂರಿನ ಹುಡುಗಿ. ಅಲ್ಲೂ ಮನೆಯೊಳಗೆ ಕನ್ನಡ, ಬೀದಿಗಿಳಿದರೆ ತಮಿಳು, ಹಿತ್ತಲಿನಾಚೆ ದ್ರಾಕ್ಷಿ. ಸೋದರತ್ತೆಯ ಮಗನಾದ ಪಾಂಡಿಯನ್ನು, ಚಿಕ್ಕಂದಿನಿಂದ ಮಾವ ಎಂದೇ ಕರೆಯುತ್ತಿದ್ದವನನ್ನು, ಮದುವೆಯಾಗಿ ಬಂದಾಗಿನಿಂದ ಅವಳು ಚಪ್ಪರದ ಕೆಳಗೇ ಬದುಕಿದವಳು. ಎಲೆ ಬಿಡಿಸುವುದು, ಚಿಗುರನ್ನು ಬಾಳೆನಾರಿನಿಂದ ತಂತಿಗೆ ಕಟ್ಟುವುದು, ಗೊನೆಯೊಳಗಿನ ಪೀಚು ಕಾಯಿ ತೆಗೆಯುವುದು ಎಲ್ಲ ಅವಳಿಗೆ ಉಸಿರಾಟದಷ್ಟು ಸಲೀಸು. ಕತ್ತರಿಯನ್ನು ಮಾತ್ರ ಮುಟ್ಟಿರಲಿಲ್ಲ. ಯಾರೋ ಬೇಡ ಅಂದಿದ್ದರಿಂದ ಅಲ್ಲ. ಗಂಡಸರಿಗೆ ಕತ್ತರಿ, ಹೆಂಗಸರಿಗೆ ನಾರು ಎಂದು ಕೆಲಸ ಹಂಚಿಹೋಗಿತ್ತು, ಅಷ್ಟೇ. ಪ್ರತಿ ವರ್ಷವೂ ಗಂಡಸರು ಕಚಕ್ ಕಚಕ್ ಎಂದು ಸವರುತ್ತ ಮುಂದೆ ಹೋಗುವಾಗ, ಹಿಂದೆ ಕಡ್ಡಿ ಆಯುತ್ತಿದ್ದ ಅವಳ ಬೆರಳುಗಳು ತಾವಾಗಿಯೇ ಮಡಚಿ ಬಿಚ್ಚುತ್ತಿದ್ದವು.

ಆ ಸಂಜೆ ಅವಳು ಗಂಡನ ಮುಂದೆ ಕಾಪಿ ಲೋಟ ಇಟ್ಟು ಹೇಳಿದಳು, "ಮಾವ, ಈ ಸಲ ನಾನು ಕತ್ರಿಸ್ತೀನಿ."

"ಏನನ್ನ?"

"ತೋಟಾನ."

ಪಾಂಡಿ ಮೊದಲು ನಕ್ಕ. ಅವಳು ನಗದೆ ನಿಂತಿದ್ದು ಕಂಡು, "ಸುಮ್ನಿರು ಸರಸು. ಕವಾತ್ತು ಅಂದ್ರೆ ನಾರು ಕಟ್ಟಾ ಕೆಲ್ಸ ಅಲ್ಲ," ಎಂದ.

"ನೀವು ಕತ್ರಿಸಿದ ಕಡ್ಡಿ ಎಲ್ಲಾನೂ ಕಟ್ಟಿದ್ದು ಯಾರು? ಯಾವುದ್ರಾಗೆ ಗೊನೆ ಬಂತು, ಯಾವುದು ಶುಮ್ಮಾ ಬರೀ ಎಲೆ ಬುಟ್ಕೊಂಡು ನಿಂತಿತ್ತು, ಎಲ್ಲಾ ನಂಗೆ ಗೊತ್ತದೆ ಮಾವ. ನೀವು ಕೆಳಗೆ ಕುಂತು ಹೇಳ್ಕೊಡಿ, ನಾನು ಮಾಡ್ತೀನಿ."

ಪಾಂಡಿ ಕಾಪಿ ಲೋಟ ಎತ್ತಿಕೊಂಡ. ಬೇಡ ಎಂದು ಹೇಳಲಿಲ್ಲ. ಸರಸುವಿಗೆ ಅಷ್ಟು ಸಾಕಾಗಿತ್ತು. ಒಳಗೆ ಹೋಗಿ ಮಗಳು ಇಂದುಜಾಳಿಗೆ ಫೋನ್ ಮಾಡಿ ವಿಷಯ ಹೇಳಿದಳು. ಇಂದುಜಾ ದಿಂಡುಗಲ್ಲಿನ ಔಷಧಿ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಿದ್ದಳು. ಅಪ್ಪನ ಕತ್ತರಿ ಅಮ್ಮನ ಅಂಗೈಗೆ ದೊಡ್ಡದಾಗುತ್ತದೆ ಎಂಬುದು ಮೊದಲು ಹೊಳೆದದ್ದು ಅವಳಿಗೇ. ಭಾನುವಾರ ಬೆಳಗಿನ ಬಸ್ಸಿಗೆ ಬಂದಿಳಿದಾಗ ಅವಳ ಚೀಲದಲ್ಲಿ ಕೆಂಪು ಹಿಡಿಯ ಎರಡು ಸಣ್ಣ ಕತ್ತರಿಗಳಿದ್ದವು. ಎರಡು ಯಾಕೆಂದು ಕೇಳಿದರೆ, ಒಂದು ನನಗೆ ಎಂದು ತಮಿಳಿನಲ್ಲಿ ಹೇಳಿ ನಕ್ಕಳು. ಮನೆಯ ಮಾತು ಅವಳಿಗೆ ಕಿವಿಗಿದ್ದಷ್ಟು ನಾಲಿಗೆಗೆ ಇರಲಿಲ್ಲ.

ಸರಸುವಿನ ಜೊತೆ ಎಷ್ಟೋ ವರ್ಷದಿಂದ ನಾರು ಕಟ್ಟುತ್ತಿದ್ದ ಓಚ್ಚಮ್ಮಾಳ್‌ಗೂ ಸುದ್ದಿ ಮುಟ್ಟಿತ್ತು. ಅವಳು ಕರೆಯುವ ಮೊದಲೇ ಬಂದು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಪಾಂಡಿಯ ಹಳೆಯ ದೊಡ್ಡ ಕತ್ತರಿಯನ್ನು ತಾನೇ ಎತ್ತಿಕೊಂಡಳು.

ಮಂಜು ಇನ್ನೂ ಚಪ್ಪರದ ಮೇಲೆ ಕೂತಿತ್ತು. ತಂತಿಗಳಿಂದ ಹನಿ ಬಿದ್ದು ಹೆಂಗಸರ ಕುತ್ತಿಗೆಯೊಳಗೆ ಇಳಿಯುತ್ತಿತ್ತು. ಪಾಂಡಿ ಪ್ಲಾಸ್ಟಿಕ್ ಕುರ್ಚಿ ತಂದು ಸಾಲಿನ ನಡುವೆ ಹಾಕಿಕೊಂಡ. ಪೆನ್ಸಿಲಿನ ದಪ್ಪದ ಕಡ್ಡಿಯಲ್ಲಿ ನಾಲ್ಕು ಕಣ್ಣು ಬಿಡು, ಕಣ್ಣಿನ ಮೇಲೆ ಒಂದು ಬೆರಳು ಜಾಗ ಬಿಟ್ಟು ಓರೆಯಾಗಿ ಕತ್ತರಿ ಹಾಕು ಎಂದ. ಕಡ್ಡಿಯ ಗೆಣ್ಣಿನಲ್ಲಿ ಚಿಗುರು ಅಡಗಿ ಕೂತಿರುವ ಮೊಗ್ಗಿಗೆ ಕಣ್ಣು ಎನ್ನುವುದು. ಸರಸು ಮೊದಲ ಕಡ್ಡಿ ಹಿಡಿದಳು, ಕೆಳಗಿನಿಂದ ಕಣ್ಣೆಣಿಸಿದಳು, ಮತ್ತೊಮ್ಮೆ ಎಣಿಸಿದಳು. ಆಮೇಲೆ ಅದುಮಿದಳು. ಕಚಕ್. ಕಡ್ಡಿ ಎಲೆಯ ಸಮೇತ ಅವಳ ಹೆಗಲ ಮೇಲೆ ಬಿತ್ತು. ಅವಳು ತಿರುಗಿ ನೋಡಿದರೆ ಮಗಳು ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು, ಓಚ್ಚಮ್ಮಾಳ್ ನಗುತ್ತಿದ್ದಳು. ಪಾಂಡಿ ಮಾತ್ರ ಕತ್ತು ಚಾಚಿ ಕಡಿದ ತುದಿಯನ್ನೇ ಪರೀಕ್ಷಿಸುತ್ತಿದ್ದ.

"ಸರಿ ಅದೆ," ಎಂದ ಕೊನೆಗೆ. "ಮುಂದೆ ನಡಿ."

ಮಧ್ಯಾಹ್ನದ ಹೊತ್ತಿಗೆ ಅರ್ಧ ಚಪ್ಪರ ಬೋಳಾಯಿತು. ವರ್ಷವಿಡೀ ನೆರಳಿದ್ದ ನೆಲದ ಮೇಲೆ ಬಿಸಿಲು ದಡಬಡನೆ ಬಿದ್ದು, ಬೆಟ್ಟದ ಸಾಲು ಒಮ್ಮೆಲೇ ತೋಟದ ಬೇಲಿಯವರೆಗೆ ಬಂದು ನಿಂತಂತೆ ಕಂಡಿತು. ಸರಸುವಿನ ತೋಳು ಸೀಸದಂತೆ ಭಾರವಾಗಿತ್ತು. ಆದರೂ ಊಟಕ್ಕೆ ಕೂತಾಗ ಅವಳ ಕಣ್ಣು ಮುಂದಿನ ಸಾಲಿನ ಮೇಲೆಯೇ ಇತ್ತು. ತಟ್ಟೆಯಲ್ಲಿದ್ದುದನ್ನು ಅರ್ಧ ಬಿಟ್ಟು ಎದ್ದಳು.

ಜಗಳವಾದದ್ದು ಕಾಲುವೆ ಪಕ್ಕದ ಸಾಲುಗಳಲ್ಲಿ. ಅಲ್ಲಿ ತೆಂಗಿನ ನೆರಳು ಬೀಳುತ್ತಿತ್ತು. ಆ ಬಳ್ಳಿಗಳಲ್ಲಿ ಬುಡದ ಕಣ್ಣುಗಳು ಬರಿ ಎಲೆ ಕೊಡುತ್ತವೆ, ಗೊನೆ ಬರುವುದು ಅದರಾಚೆಯ ಕಣ್ಣಿನಲ್ಲಿ ಎಂಬುದನ್ನು ಸರಸು ಚಿಗುರು ಕಟ್ಟುವಾಗ ಮತ್ತೆ ಮತ್ತೆ ಕಂಡಿದ್ದಳು. ಇಲ್ಲಿ ಎರಡು ಕಣ್ಣು ಹೆಚ್ಚು ಬಿಡುತ್ತೇನೆ ಎಂದಳು. ಪಾಂಡಿ ಒಪ್ಪಲಿಲ್ಲ. ಉದ್ದ ಬಿಟ್ಟರೆ ಬಳ್ಳಿ ಸೊರಗುತ್ತದೆ, ನನ್ನ ಅಪ್ಪನ ಕಾಲದಿಂದ ನಾಲ್ಕೇ ಎಂದ. ಅವಳು ವಾದಿಸಿದಳು. ಅವನು ಕುರ್ಚಿ ಬಿಟ್ಟೆದ್ದ.

"ಅಂಗಾದ್ರೆ ನಿನ್ನ ಇಷ್ಟ. ನಂಗ್ಯಾಕೆ ಕೇಳ್ತೀಯ?" ಎಂದವನು ಮನೆಯತ್ತ ನಡೆದುಬಿಟ್ಟ.

ಸರಸು ಮುಂದಿನ ಕಡ್ಡಿ ಹಿಡಿದು ಕಣ್ಣೆಣಿಸಿದಳು. ಆರು ಬಿಡಲೇ, ನಾಲ್ಕಕ್ಕೇ ಕಡಿಯಲೇ? ಓಚ್ಚಮ್ಮಾಳ್ ಪಕ್ಕದ ಸಾಲಿಗೆ ಸರಿದಳು. ಕೊನೆಗೆ ಸರಸು ತನ್ನ ಲೆಕ್ಕದಂತೆಯೇ ಉದ್ದಕ್ಕೆ ಬಿಟ್ಟು ಕಡಿದಳು. ಸಂಜೆಯಾಗುತ್ತಿತ್ತು. ಮುಗಿಸುವ ಆತುರದಲ್ಲಿ ಕೊನೆಯ ಸಾಲಿನ ತೆಳು ಕಡ್ಡಿಗಳನ್ನೂ ಬುಡಕ್ಕೆ ತೆಗೆಯದೆ ಹಾಗೇ ಉಳಿಸಿದಳು.

ಮಾರನೆಯ ದಿನದಿಂದ ಕಡಿದ ತುದಿಗಳಿಗೆ ಸುಣ್ಣ, ಮೈಲುತುತ್ತ ಕಲಸಿದ ನೀಲಿ ಮುಲಾಮು ಬಳಿದರು. ಬುಡ ಅಗೆದು ಕೊಟ್ಟಿಗೆ ಗೊಬ್ಬರ ಕೊಟ್ಟು ನೀರು ಬಿಟ್ಟರು. ನೀರು ಕುಡಿದ ಬಳ್ಳಿಗಳ ತುದಿಯಲ್ಲಿ ಮುಲಾಮಿನಡಿಯಿಂದ ತಿಳಿನೀರು ಹನಿಯತೊಡಗಿತು. ಬೇರು ಎಚ್ಚೆತ್ತ ಗುರುತು ಅದು. ಸರಸು ಒಂದು ಹನಿಯನ್ನು ಬೆರಳಲ್ಲಿ ಹಿಡಿದು ಗಂಡನ ಮುಂಗೈಗೆ ಒರೆಸಿದಳು. ಅವನು ಮಾತು ಬಿಟ್ಟಿದ್ದ ಮೂರನೆಯ ದಿನ ಅದು. ಮುಂಗೈ ನೋಡಿಕೊಂಡವನು ನಗುವನ್ನು ತಡೆದುಕೊಳ್ಳಲು ಮುಖ ತಿರುಗಿಸಿದ.

ಆಮೇಲೆ ಕಾಯುವುದು. ಜೆಯರಾಜ್‌ನ ಆಳುಗಳು ವಾರ ಮೊದಲೇ ಸವರಿದ್ದ ಪಕ್ಕದ ತೋಟ ಹಸಿರಾಯಿತು. ಇವರ ಚಪ್ಪರ ಮಾತ್ರ ಒಣಗಿದ ಕಟ್ಟಿಗೆಯಂತೆಯೇ ಇತ್ತು. ಆ ವರ್ಷ ಚಳಿ ತಡವಾಗಿ ಬಿಟ್ಟಿತು. ಹೆಂಗಸು ಕತ್ತರಿ ಇಟ್ಟರೆ ಬಳ್ಳಿ ಕಣ್ಣು ತೆರೆಯುತ್ತದೆಯೇ ಎಂದು ಯಾರೋ ನೀರಿನ ಟ್ಯಾಂಕಿನ ಹತ್ತಿರ ಅಂದದ್ದು ಸರಸುವಿನ ಕಿವಿಗೂ ಬಿತ್ತು. ಅದಕ್ಕೆ ಎದುರಾಡಿದ್ದು ಪಾಂಡಿ. ಕವಾತ್ತು ನೋಡದವರು ಮಾತಾಡಬೇಡಿ, ಬಂದು ಕಡಿದ ತುದಿ ನೋಡಿ ಎಂದು ಜೋರು ಮಾಡಿ ಬಂದನಂತೆ. ಓಚ್ಚಮ್ಮಾಳ್ ಅದನ್ನು ಹೇಳುವಾಗ ಸರಸುವಿಗೆ ಮುಖವೆಲ್ಲ ಬಿಸಿಯಾಯಿತು.

ಒಂದು ಬೆಳಿಗ್ಗೆ ಪಾಂಡಿ ಅವಳಿಗಿಂತ ಮೊದಲು ತೋಟಕ್ಕೆ ಹೋಗಿದ್ದ. ಅವಳು ಅಂಗಳ ಗುಡಿಸುತ್ತಿದ್ದಾಗ ಅವನ ಕೂಗು ಕೇಳಿಸಿತು. ಭುಜಕ್ಕೆ ಇನ್ನೇನಾಯಿತೋ ಎಂದು ಪೊರಕೆ ಬಿಸಾಡಿ ಓಡಿದಳು. ಅವನು ನಡುಸಾಲಿನಲ್ಲಿ ಎಡಗೈ ಎತ್ತಿ ಒಂದು ಕಡ್ಡಿ ಹಿಡಿದು ನಿಂತಿದ್ದ. ಗೆಣ್ಣಿನ ಸಿಪ್ಪೆ ಬಿರಿದು, ಒಳಗಿನಿಂದ ಬೆಕ್ಕಿನ ಮರಿಯ ಕಿವಿಯಷ್ಟು ಮೆತ್ತಗಿನ, ನಸುಗೆಂಪಿನ ಚಿಗುರು ಹೊರಗೆ ಇಣುಕಿತ್ತು.

"ನೋಡು, ಎಲ್ಲಾನೂ ಬುಟ್ಟದೆ," ಎಂದ. "ಒಂದು ಕಣ್ಣೂ ಕುರುಡಾಗಿಲ್ಲ."

ಸರಸು ಒಂದು ಕಡ್ಡಿಯಿಂದ ಇನ್ನೊಂದಕ್ಕೆ, ಒಂದು ಸಾಲಿನಿಂದ ಇನ್ನೊಂದಕ್ಕೆ ಓಡಿದಳು. ಎಲ್ಲಿ ನೋಡಿದರೂ ಅದೇ. ಅವಳಿಗೆ ಅಳುವೂ ನಗುವೂ ಒಟ್ಟಿಗೆ ಬಂದವು, ತಂತಿ ಹಿಡಿದು ನಿಂತುಬಿಟ್ಟಳು.

ಚಿಗುರು ಗೇಣುದ್ದವಾದಾಗ ಹಸಿರು ಸಾಸಿವೆ ಅಂಟಿಸಿದಂಥ ಎಳೆ ಗೊನೆಗಳು ಕಾಣಿಸಿಕೊಂಡವು. ಇಂದುಜಾ ರಜೆ ಹಾಕಿ ಬಂದಳು. ಕಾಲುವೆ ಪಕ್ಕದ ಸಾಲುಗಳಲ್ಲಿ ಹಿಂದೆಂದೂ ಇಲ್ಲದಷ್ಟು ಗೊನೆಗಳು ಕಟ್ಟಿದ್ದವು. ಪಾಂಡಿ ಒಂದೊಂದೇ ಕಡ್ಡಿಯನ್ನು ಬುಡದಿಂದ ತುದಿಯವರೆಗೆ ನೋಡಿ, ಈ ಸಾಲಿಗೆ ಇನ್ನು ಮುಂದೆ ಆರೇ ಕಣ್ಣು ಎಂದು ತಾನೇ ಹೇಳಿದ. ಆತುರದಲ್ಲಿ ಉಳಿಸಿದ ತೆಳು ಕಡ್ಡಿಗಳಲ್ಲಿ ಮಾತ್ರ ಎಲೆ ಬಿಟ್ಟರೆ ಬೇರೇನೂ ಇರಲಿಲ್ಲ. ಅವನು ಅದನ್ನು ತೋರಿಸುವ ಮೊದಲೇ ಸರಸು ನಾಲಿಗೆ ಕಚ್ಚಿಕೊಂಡಳು.

ಹಣ್ಣು ಮೇ ತಿಂಗಳಲ್ಲಿ, ಮಳೆ ಬರುವುದಕ್ಕೆ ಮುಂಚೆ, ಕಪ್ಪಾಗಿ ಮಾಗಿ ಕೇರಳದ ಲಾರಿ ಹತ್ತಿತು. ಅದು ಮುಗಿದ ವಾರವೇ ಜೆಯರಾಜ್ ಮನೆಗೆ ಬಂದ. ಗೂಡಲೂರಿನಲ್ಲಿ ವರ್ಷಕ್ಕೆ ಎರಡು ಫಸಲು ತೆಗೆಯುವ ಒಂದು ತೋಟ ತುರ್ತಾಗಿ ಸವರಬೇಕಾಗಿದೆ, ತನಗೆ ಆಳು ಸಾಲದು ಎಂದ. ಪಾಂಡಿಯ ಕಡೆಗೇ ನೋಡಿಕೊಂಡು ಮಾತಾಡುತ್ತಿದ್ದ. ಪಾಂಡಿ, ಕೇಳಬೇಕಾದವಳು ಅಲ್ಲಿದ್ದಾಳೆ ಎಂದು ಅಡುಗೆಮನೆಯ ಕಡೆ ಗದ್ದ ತಿರುಗಿಸಿದ. ಜೆಯರಾಜ್ ಎದ್ದು ಹೋಗಿ ಬಾಗಿಲಲ್ಲಿ ನಿಂತು, "ಅಕ್ಕಾ, ಬರ್ತೀರಾ?" ಎಂದು ಕೇಳಿದ.

ಸರಸು ಒಲೆಯ ಮೇಲಿನ ಸಾರು ಇಳಿಸಿ, ಕೈ ಒರೆಸಿಕೊಂಡು, ಓಚ್ಚಮ್ಮಾಳ್ ಬಂದರೆ ತಾನೂ ಬರುತ್ತೇನೆ ಎಂದಳು. ಮರುದಿನ ಬೆಳಗಿನ ಮೊದಲ ಬಸ್ಸಿನಲ್ಲಿ ಇಬ್ಬರೂ ಕಿಟಕಿ ಪಕ್ಕದ ಸೀಟಿಗಾಗಿ ಒಬ್ಬರನ್ನೊಬ್ಬರು ತಳ್ಳಾಡಿಕೊಂಡು, ಚಿಕ್ಕ ಹುಡುಗಿಯರಂತೆ ನಗುತ್ತ, ಸರಸುವಿನ ತವರೂರಿನ ಕಡೆ ಹೊರಟರು.