ಕಲ್ಲಿನ ಮೀನುಗಳಿಗೆ ಇಟ್ಟ ಅನ್ನ

ಮೊನ್ನೆ ವೇಲಚೇರಿಯ ನಮ್ಮ ಫ್ಲ್ಯಾಟಿನ ಪಾರ್ಕಿಂಗಿನಿಂದ ಮಳೆನೀರು ಇಳಿದಾಗ, ಗಾಡಿಗಳಿಂದ ಸೋರಿದ ಎಣ್ಣೆ ಗೋಡೆಗೆ ಕಪ್ಪಗೆ ಅಂಟಿಕೊಂಡಿತ್ತು. ಆ ವಾಸನೆಗೆ, ಹಿಂದೆ ನಾವಿದ್ದ ಕಡಲಂಚಿನ ರಾಯಪುರಂನ ಕೆಳಮನೆ ಮಾಮಿ ನೆನಪಾದರು.

ನಾನಾಗ ಪ್ರಾಣಿಶಾಸ್ತ್ರ ಓದುತ್ತಿದ್ದೆ. ಒಂದು ಅಮಾವಾಸ್ಯೆ ಸಮುದ್ರಸ್ನಾನಕ್ಕೆ ಹೋದ ಮಾಮಿಯ ಗಂಡನನ್ನು ದಡದ ಬಂಡೆಗಳ ಮೇಲಿಂದ ಅಲೆ ಎಳೆದೊಯ್ದಿತ್ತು. ದೇಹ ಸಿಗಲಿಲ್ಲ. ಹಾಗಿರುವಾಗ ಶ್ರಾದ್ಧ ಕೂಡದು, ಕಾಯಬೇಕು ಎಂದರು ಹಿರಿಯರು. ಮಾಮಿಯ ಕುಂಕುಮ, ತಾಳಿ ಉಳಿದವು. ಹೋದವರು ಹಸಿದಿರುತ್ತಾರೆಂಬ ಸಂಕಟವೂ ಉಳಿಯಿತು.

ಹಾಗಾಗಿ ಅವರು ಪ್ರತಿ ಅಮಾವಾಸ್ಯೆ ಮನೆಯವರಿಗೆ ಹೇಳದೆ, ನನ್ನನ್ನು ಜೊತೆಗೆ ಕರೆದುಕೊಂಡು, ಒಂದುಂಡೆ ಅನ್ನ ಒಯ್ಯುತ್ತಿದ್ದರು. ಬಂಡೆಗಳ ಸಂದಿನಲ್ಲಿ ಬೆರಳುದ್ದದ ಕಂದು ಮೀನುಗಳಿದ್ದವು. ಅಲೆ ಸರಿದರೂ ಒದ್ದೆ ಕಲ್ಲಿಗೇ ಅಂಟಿಕೊಂಡಿದ್ದು, ನೆರಳು ಬಿದ್ದರೆ ಚಂಗನೆ ಹಾರುತ್ತಿದ್ದವು. ಮಾಮಿ ಅಲ್ಲಿ ಅನ್ನವಿಟ್ಟು ದೂರ ಕೂರುತ್ತಿದ್ದರು. ಸ್ವಲ್ಪ ಹೊತ್ತಿಗೆ ಅದು ಖಾಲಿ.

"ಮನೇಲಿ ಉಪ್ಪು ಒಂಚೂರು ಕಮ್ಮಿ ಆದ್ರೆ ತಟ್ಟೆ ತಳ್ತಿದ್ರುಮಾ. ಈಗ ನೋಡು, ಸಪ್ಪೆ ಅನ್ನ, ಒಂದಗಳೂ ಬಿಡಲ್ಲ!" ಎಂದು ನಗುತ್ತಿದ್ದರು.

ಆ ಮೀನುಗಳು ಕಲ್ಲಿನ ಪಾಚಿ ಕೆರೆದು ತಿನ್ನುವಂಥವು. ಅನ್ನ ಒಯ್ಯುತ್ತಿದ್ದುದು ಬಹುಶಃ ಏಡಿಗಳು. ನನಗೆ ಇದು ಆಗಲೇ ಗೊತ್ತಿತ್ತೇ? ಅಥವಾ ಆಮೇಲೆ ಓದಿದ್ದನ್ನು ಆ ದಿನಗಳಿಗೆ ಸೇರಿಸಿಕೊಂಡಿದ್ದೇನೆಯೇ… ಮಾಮಿಗಂತೂ ಅನ್ನ ಮುಟ್ಟಬೇಕಾದವರಿಗೆ ಮುಟ್ಟುತ್ತಿತ್ತು. ಗಂಡ ಸತ್ತಿದ್ದಾರೆ, ಉಣ್ಣುತ್ತಿದ್ದಾರೆ. ಅಷ್ಟು ಸಾಕಾಗಿತ್ತು.

ಆಮೇಲೆ ಒಂದು ಹಡಗಿನಿಂದ ಕಡಲಿಗೆ ಎಣ್ಣೆ ಚೆಲ್ಲಿತು. ಮುಂದಿನ ಅಮಾವಾಸ್ಯೆಗೆ ಹೋದಾಗ ಬಂಡೆಗಳೆಲ್ಲ ಡಾಂಬರು ಬಳಿದಂತಿದ್ದವು. ಸಂದುಗಳಲ್ಲಿ ಮೀನುಗಳು ಕಪ್ಪು ಕಡ್ಡಿಗಳಂತೆ ಸತ್ತು ಬಿದ್ದಿದ್ದವು. ಏಡಿಗಳೂ ಇರಲಿಲ್ಲ. ಮಾಮಿ ಆದರೂ ಅನ್ನವಿಟ್ಟರು. ಬಿಸಿಲೇರುವವರೆಗೂ ಕೂತೆವು. ಉಂಡೆ ಇಟ್ಟಲ್ಲೇ ಇತ್ತು.

"ಪಾಪ, ಮೀನೆಲ್ಲಾ ಹೋಯ್ತು ಮಾಮಿ. ಎಣ್ಣೆ," ಎಂದೆ.

ಅವರು ನನ್ನ ಕೈ ಹಿಡಿದುಕೊಂಡರು. ಆ ಮುಖದಲ್ಲಿ ದುಃಖವಿತ್ತೆಂದು ಬರೆಯಲು ಹೊರಟೆ. ಇಲ್ಲ, ಅದು ಆಸೆ.

"ತಗೊಳ್ಲಿಲ್ಲ ನೋಡುಮಾ… ಹಾಗಾದ್ರೆ ಅವರು ಎಲ್ಲೋ ಬದುಕಿದ್ದಾರಾ?"

ಅಂದಿನಿಂದ ಮಾಮಿ ಕಡಲಿಗೆ ಹೋಗಲಿಲ್ಲ. ಬಾಗಿಲಿಗೆ ಅಗುಳಿಯನ್ನೂ ಹಾಕಲಿಲ್ಲ. ಮೆಟ್ಟಿಲ ಮೇಲೆ ಯಾರ ಚಪ್ಪಲಿ ಸದ್ದಾದರೂ ಎದ್ದು ಬರುತ್ತಿದ್ದರು. ನಮ್ಮನ್ನು ನೋಡಿ ಒಳಗೆ ಹೋಗುತ್ತಿದ್ದರು. ಹೀಗೇ ವರ್ಷಗಳು ಹೋದವು.

ಮಾಮಿ ತೀರಿಕೊಂಡಾಗ ನಾನೂ ಹೋಗಿದ್ದೆ. ಮುತ್ತೈದೆ ಸಾವು, ಪುಣ್ಯವಂತೆ ಎನ್ನುತ್ತ ಹೆಂಗಸರು ಹೂ ಮುಡಿಸಿ, ಹಣೆ ತುಂಬ ಕುಂಕುಮವಿಟ್ಟು ಕಳಿಸಿದರು.

ಪಾರ್ಕಿಂಗಿನ ಗೋಡೆಯನ್ನು ತೊಳೆಸಿದ್ದಾಯಿತು, ಕಲೆ ಹೋಗಿಲ್ಲ. ಆ ಬಂಡೆಗಳಿಗೆ ಮೀನುಗಳು ಮರಳಿವೆಯೋ ಏನೋ… ಮರಳಿದ್ದರೂ ಅಲ್ಲಿ ಅನ್ನ ಇಡುವವರು ಈಗ ಯಾರೂ ಇಲ್ಲ.