ಅಣ್ಣನ ನಿಲುವು, ಜೀಪಿನ ನಿಲುಗಡೆ

ಮರಳೂರಿನ ನಮ್ಮ ಬೀದಿಯ ತಿರುವಿನಲ್ಲಿ ಹೂ ಮಾರುವ ಹೆಂಗಸು ನನ್ನ ಜೀಪು ದೂರದಲ್ಲಿ ಕಂಡೊಡನೆ ಎದ್ದು ನಿಲ್ಲುತ್ತಿದ್ದಳು. ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವಳಿಗೆ ಈ ಕಾಲದಲ್ಲೂ ಇಷ್ಟು ಗೌರವ ಉಳಿದಿದೆಯಲ್ಲ ಎಂದು ನಾನು ಬಹುಕಾಲ ಒಳಗೊಳಗೇ ಉಬ್ಬಿದ್ದೆ. ಆಕೆ ಏಳುತ್ತಿದ್ದದ್ದು ನನಗಾಗಿ ಅಲ್ಲ, ಹೂಬುಟ್ಟಿಯನ್ನು ಗೋಡೆಯ ಕಡೆಗೆ ಎಳೆದುಕೊಳ್ಳುವುದಕ್ಕೆ ಎಂಬ ಜ್ಞಾನೋದಯ ಆಮೇಲಾಯಿತು.

ಗುಬ್ಬಿಯಲ್ಲಿರುವ ನನ್ನ ಅಣ್ಣ ತನ್ನ ತೆಂಗಿನ ತೋಟದಲ್ಲಿ ವರ್ಷಗಟ್ಟಲೆ ದುಡಿಸಿ, ತಾನು ಕಾರು ಕೊಂಡಾಗ ನನಗೆ ದಯಪಾಲಿಸಿದ ಹಳೆಯ ಫೋರ್ ವೀಲ್ ಡ್ರೈವ್ ಜೀಪು ಅದು. ಮುಂದಕ್ಕೆ ಹೋಗುವುದಾದರೆ ನಾಲ್ಕೂ ಚಕ್ರಗಳಲ್ಲಿ ಅಪೂರ್ವ ಒಮ್ಮತ. ನಿಲ್ಲುವ ಪ್ರಸ್ತಾಪ ಬಂದರೆ ಮಾತ್ರ ಪ್ರತಿಯೊಂದಕ್ಕೂ ಸ್ವತಂತ್ರ ಅಭಿಪ್ರಾಯ. ವ್ಯಾಕರಣದ ಭಾಷೆಯಲ್ಲಿ ಹೇಳುವುದಾದರೆ, ಅದಕ್ಕೆ ಅಲ್ಪವಿರಾಮ ಗೊತ್ತಿತ್ತು, ಪೂರ್ಣವಿರಾಮ ಗೊತ್ತಿರಲಿಲ್ಲ. ಅಣ್ಣನಿಗೆ ಇದು ದೋಷವಾಗಿ ಕಂಡದ್ದೇ ಇಲ್ಲ. "ಬ್ರೇಕ್ ನಂಬ್ಕೊಂಡು ಓಡ್ಸೋನು ಡ್ರೈವರೇ ಅಲ್ಲ ಕಣಮ್ಮಿ. ಗೇರಲ್ಲಿ ಹಿಡೀಬೇಕು, ದೂರದಿಂದ್ಲೇ ತುಳೀತಾ ಬರ್ಬೇಕು," ಎಂಬುದು ಅವನ ನಿಲುವು. ಜೀಪು ನಿಲ್ಲದಿದ್ದರೂ ಈ ನಿಲುವು ಕದಲದೆ ನಿಂತಿತ್ತು.

ನಾನೂ ಹಾಗೆಯೇ ತುಳಿಯುತ್ತಾ ಬಂದೆ, ದೇವರಾಯನದುರ್ಗದ ಇಳಿಜಾರಿನಲ್ಲಿ ಒಂದು ಬೆಳಿಗ್ಗೆ ಪೆಡಲು ನೆಲ ಮುಟ್ಟುವವರೆಗೆ. ಜೀಪು ಬಲಕ್ಕೆ ಎಳೆಯಿತು, ರಸ್ತೆ ಎಡಕ್ಕೆ ತಿರುಗಿತು. ನಡುರಸ್ತೆಯಲ್ಲಿ ಕುಳಿತಿದ್ದ ಕೋತಿಗಳು ನನ್ನ ಮುಖ ನೋಡಿಯೇ ಪರಿಸ್ಥಿತಿಯನ್ನು ಗ್ರಹಿಸಿ ಮರ ಹತ್ತಿದವು. ಮೊದಲ ಗೇರಿಗೆ ಹಾಕಿ, ಹ್ಯಾಂಡ್ ಬ್ರೇಕ್ ಎಳೆದು, ಗೊತ್ತಿರುವ ದೇವರನ್ನೆಲ್ಲ ಕರೆದು ಬುಡ ತಲುಪಿದಾಗ ಸೆರಗೆಲ್ಲ ಬೆವರು. ಮಾರನೆಯ ದಿನವೇ ಜೀಪನ್ನು ಕ್ಯಾತ್ಸಂದ್ರದ ಗ್ಯಾರೇಜಿಗೆ ಎಳೆಸಿಕೊಂಡು ಹೋದೆ. ಅಲ್ಲಿ ಮುಂದಿನ ಚಕ್ರಗಳ ಹಳೆಯ ಡ್ರಮ್ ಬ್ರೇಕುಗಳನ್ನು ತೆಗೆದು ಡಿಸ್ಕ್ ಬ್ರೇಕ್ ಕೂರಿಸಿದರು. ಕಾಲಿನ ಒತ್ತಡವನ್ನು ಹಲವು ಪಟ್ಟು ಹೆಚ್ಚಿಸುವ ಬೂಸ್ಟರ್ ಎಂಬ ಡಬ್ಬಿಯನ್ನೂ ಸೇರಿಸಿದರು. "ಇನ್ಮೇಲೆ ತುಳೀಬೇಡಿ ಮೇಡಂ, ಮುಟ್ಟಿ ಸಾಕು," ಎಂದು ಮೆಕ್ಯಾನಿಕ್ ಬೀಳ್ಕೊಟ್ಟ. ಅಷ್ಟು ವರ್ಷ ಒದ್ದು ಮಾತಾಡಿಸಿದ ನನ್ನ ಕಾಲಿಗೇ ಈ ಸೌಜನ್ಯ ರೂಢಿಯಾಗಲು ಒಂದು ವಾರ ಹಿಡಿಯಿತು.

ಮುಂದಿನ ತಿಂಗಳು ಕುಣಿಗಲ್ಲಿನಲ್ಲಿ ಅತ್ತಿಗೆಯ ತಂಗಿಯ ಮನೆಯ ಗೃಹಪ್ರವೇಶ ಬಂತು. ಅಣ್ಣನ ಕಾರು ರಿಪೇರಿಗೆ ಹೋಗಿತ್ತು. ಅವನೂ ಅತ್ತಿಗೆಯೂ ಗುಬ್ಬಿಯಿಂದ ಬಸ್ಸಿನಲ್ಲಿ ನಮ್ಮ ಮನೆಗೆ ಬಂದರು. ಅಣ್ಣ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ, ಕೇಳುವ ಅಗತ್ಯವೇ ಇಲ್ಲವೆಂಬಂತೆ, ಚಾಲಕನ ಸೀಟಿನಲ್ಲಿ ವಿರಾಜಮಾನನಾದ. ನಾನು ಪಕ್ಕದಲ್ಲಿ ಕುಳಿತೆ. ಅತ್ತಿಗೆ ತಂಗಿಗೆಂದು ತಂದ ಕೆನೆಮೊಸರಿನ ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು ಅವನ ಹಿಂದೆ ಕುಳಿತರು.

"ಅಣ್ಣಾ, ಬ್ರೇಕು..." ಎಂದು ಶುರುಮಾಡಿದೆ.

"ಗೊತ್ತು ಬುಡು. ಈ ಗಾಡಿ ಬ್ರೇಕಿನ ಬಗ್ಗೆ ನನ್ಗೆ ಹೇಳ್ಕೊಡ್ತೀಯಾ?" ಎಂದು ಅವನು ಉಪನ್ಯಾಸ ಆರಂಭಿಸಿದ. ಊರು ದಾಟಿದ ಮೇಲೆ ಮತ್ತೆ ಪ್ರಯತ್ನಿಸಿದೆ. ಉಪನ್ಯಾಸ ಎರಡನೆಯ ಅಧ್ಯಾಯಕ್ಕೆ ಹೋಯಿತು. ರಸ್ತೆ ಖಾಲಿಯಿದ್ದುದರಿಂದ, ಗೇರಿನಲ್ಲೇ ಹಿಡಿಯುವ ಅವನ ವಿದ್ಯೆಯೂ ಸೊಗಸಾಗಿ ನಡೆದಿದ್ದರಿಂದ, ಬ್ರೇಕಿನ ಮೇಲೆ ಕಾಲಿಡುವ ಸಂದರ್ಭವೇ ಬರಲಿಲ್ಲ.

ಕುಣಿಗಲ್ ಸಮೀಪಿಸಿತ್ತು. ಪಕ್ಕದ ಮಣ್ಣುದಾರಿಯಿಂದ ಮುದುಕರೊಬ್ಬರು ಮೊಪೆಡ್ಡಿನ ಎರಡೂ ಬದಿಗೆ ತೆಂಗಿನಕಾಯಿ ಮೂಟೆ ನೇತುಹಾಕಿಕೊಂಡು, ಅತ್ತಿತ್ತ ನೋಡದೆ ನೇರವಾಗಿ ರಸ್ತೆಗೆ ಬಂದರು. ಗೇರಿನಲ್ಲಿ ಹಿಡಿಯುವಷ್ಟು ದೂರವಿರಲಿಲ್ಲ. ಅಣ್ಣ ಸೀಟಿನಿಂದ ಅರ್ಧ ಎದ್ದು, ಮೈಯ ಭಾರವನ್ನೆಲ್ಲ ಹಾಕಿ ಪೆಡಲು ತುಳಿದ.

ಜೀಪು ನಿಂತಿತು. ಮುದುಕರಿಂದ ಒಂದು ಮೊಳ ದೂರದಲ್ಲಿ, ಅಣ್ಣನ ಹಣೆಯಿಂದ ಗಾಜಿಗೆ ಒಂದು ಗೇಣು ಉಳಿದಂತೆ ನಿಂತಿತು. ನಿಲ್ಲದೆ ಮುಂದುವರಿದದ್ದು ಮೊಸರೊಂದೇ. ಪಾತ್ರೆಯ ಮುಚ್ಚಳ ಹಾರಿ, ಒಳಗಿದ್ದದ್ದೆಲ್ಲ ಅಣ್ಣನ ನೆತ್ತಿ, ಕತ್ತು, ಬಿಳಿ ಅಂಗಿಯ ಮೇಲೆ ನೆಲೆಗೊಂಡಿತು.

ಮುದುಕರು ಮೊಪೆಡ್ಡನ್ನು ಪಕ್ಕಕ್ಕೆ ಹಾಕಿ ಹತ್ತಿರ ಬಂದರು. "ನನ್ಗೇನೂ ಆಗ್ಲಿಲ್ಲ ಸ್ವಾಮಿ," ಎಂದು ಅಣ್ಣನನ್ನು ದಿಟ್ಟಿಸಿ, "ನಿಮ್ಗೇ ಏನೋ ಆಗೈತೆ," ಎಂದರು.

ಅವರು ಹೊರಟುಹೋದ ಮೇಲೂ ಅಣ್ಣ ಸ್ಟಿಯರಿಂಗ್ ಬಿಡಲಿಲ್ಲ. ಕಿವಿಯ ಹಿಂದಿನಿಂದ ಮೊಸರು ಇಳಿಯುತ್ತಿತ್ತು.

"ಯಾವಾಗ ಹಾಕ್ಸ್ದೆ?" ಎಂದ.

"ಹೋದ ತಿಂಗ್ಳು. ಹೇಳಕ್ಕೆ ನೀನು ಬಿಡ್ಲಿಲ್ಲ."

"ಹೂಂ," ಎಂದು ಇಳಿದು, ಜೀಪನ್ನು ಸುತ್ತುಹಾಕಿ ಬಂದು, ಬೀಗದ ಕೈಯನ್ನು ನನಗೆ ಕೊಟ್ಟ. ಅಣ್ಣ ಪಕ್ಕದಲ್ಲಿ ಕುಳಿತು ನಾನು ಓಡಿಸಿದ್ದು ಅದೇ ಮೊದಲು. ಉಪನ್ಯಾಸವಿರಲಿಲ್ಲ.

ಗೃಹಪ್ರವೇಶದ ಮನೆಯಲ್ಲಿ ಅವನಿಗೆ ಬೇರೊಂದು ಅಂಗಿ ಸಿಕ್ಕಿತು. ನೆಂಟರಿಗೆ ಕಥೆ ಬೇಕಾಯಿತು. ಅಂಗಳದಲ್ಲಿ ಸುತ್ತ ನೆರೆದವರಿಗೆ ಅಣ್ಣ ಹೇಳುತ್ತಿದ್ದ: "ಹಳೇ ಗಾಡಿ, ಹೆಣ್ಮಗಳು ಓಡ್ಸೋದು. ಅದಕ್ಕೇ ನಾನೇ ಹೇಳಿ ಡಿಸ್ಕ್ ಬ್ರೇಕ್ ಹಾಕ್ಸ್ದೆ. ಕಾಯಿ ಮೂಟೆ ತಾತ ಇವತ್ತು ಮನೆ ಸೇರ್ಕೊಂಡ."

ಅತ್ತಿಗೆ ಕಂಬದ ಪಕ್ಕದಿಂದ ನನ್ನ ಕಡೆ ನೋಡಿದರು, ನೋಟದಲ್ಲೇ ನನ್ನನ್ನು ಮುಂದಕ್ಕೆ ತಳ್ಳುವಂತೆ. ನನ್ನ ನಾಲಿಗೆಗೆ ಮೊದಲಿನಿಂದಲೂ ಇಳಿಜಾರೆಂದರೆ ಪ್ರೀತಿ. ಒಳ್ಳೆಯ ಮಾತೊಂದು ತುದಿಗೆ ಬಂದೇ ಬಿಟ್ಟಿತ್ತು. ಅಷ್ಟರಲ್ಲಿ ಅಣ್ಣನ ಕೈಯ ಕಾಫಿ ಲೋಟ ಕಂಡಿತು. ಅಂಚಿನಿಂದ ತುಳುಕಿದ ಕಾಫಿ ಅವನ ಬೆರಳ ಮೇಲೆ ಹರಿಯುತ್ತಿದ್ದರೂ ಅವನಿಗೆ ಅದರ ಪರಿವೆಯಿರಲಿಲ್ಲ.

"ಅಲ್ವೇನಮ್ಮಿ?" ಎಂದು ಅವನು ನನ್ನನ್ನು ಕೇಳಿದ.

"ಹೌದು," ಎಂದು ಅವನ ಕೈಯಿಂದ ಲೋಟ ತೆಗೆದುಕೊಂಡೆ. "ಅಣ್ಣನೇ ಹಾಕ್ಸಿದ್ದು."