ಊರು ತೋರಿಸಲು ಬಂದ ಮಾಸ್ತರರು

ಕೊಟ್ಟೂರಿಗೆ ಬಂದು ಇನ್ನೂ ಟ್ರಂಕಿನ ಬೀಗ ತೆಗೆದಿರಲಿಲ್ಲ. ಬಿಳಿ ಧೋತರದ ಹಿರಿಯರೊಬ್ಬರು ನಮ್ಮ ಕೋಣೆಯ ಬಾಗಿಲಿಗೆ ಬಂದು, "ನಾಳಿ ಆಯ್ತವಾರ. ಮುಂಜಾನಿ ತಯಾರಾಗಿರ್ರಿ, ಊರು ತೋರಸ್ತೀನಿ. ಕೂಸಿನ್ನೂ ಕರಕೊಂಬರ್ರಿ" ಎಂದರು. ಹೂಂ, ಉಹೂಂ ಏನನ್ನೂ ಕೇಳಿಸಿಕೊಳ್ಳದೆ ಹೊರಟೇಹೋದರು.

ಮೈಸೂರಿನವರಾದ ನಿಮಗೆ ನನ್ನ ಎದೆ ಧಸಕ್ಕೆಂದದ್ದು ಅರ್ಥವಾದೀತು. ಅರಮನೆಯ ಮುಂದೆ "ಬನ್ನಿ ಅಮ್ಮ, ಸುಮ್ಮನೆ ತೋರಿಸ್ತೀನಿ" ಎಂದವನ ಹಿಂದೆ ಹೋದರೆ ಕೊನೆಗೆ ನಿಲ್ಲುವುದು ಗಂಧದೆಣ್ಣೆಯ ಅಂಗಡಿಯಲ್ಲೇ ಅಲ್ಲವೇ? ಈ ಮುದುಕರ ಅಂಗಡಿ ಯಾವುದೋ ಎಂದುಕೊಂಡೆ. ಇವರು, ನನ್ನ ಯಜಮಾನರು, ವಿಚಾರಿಸಿಕೊಂಡು ಬಂದರು. ಹೆಸರು ಚನ್ನಬಸಪ್ಪ, ರಿಟೈರಾದ ಡ್ರಿಲ್ ಮಾಸ್ತರರು. ಕಾಲೇಜಿಗೆ ಹೊಸದಾಗಿ ಬಂದ ಪ್ರತಿ ಸಂಸಾರವನ್ನೂ ಹೀಗೆ ಸುತ್ತಾಡಿಸುತ್ತಾರಂತೆ, ಕಾಸು ಮುಟ್ಟುವುದಿಲ್ಲವಂತೆ. ಕಾಸು ಮುಟ್ಟುವುದಿಲ್ಲ ಎಂದ ಮೇಲೆ ನನ್ನ ಅನುಮಾನ ಇನ್ನಷ್ಟು ಗಟ್ಟಿಯಾಯಿತು.

ನನ್ನ ಅನುಮಾನಕ್ಕೆ ಕಾರಣಗಳಿದ್ದವು. ಇವರಿಗೆ ಲೆಕ್ಚರರ್ ಕೆಲಸ ಸಿಕ್ಕಿತ್ತು, ಮನೆ ಸಿಕ್ಕಿರಲಿಲ್ಲ. ನಮಗೆ ಕೊಟ್ಟಿದ್ದ ಹಾಸ್ಟೆಲ್ ಕೋಣೆ ಕಾಲೇಜು ಶುರುವಾದ ಕೂಡಲೇ ಹುಡುಗರ ಪಾಲು. ಅಷ್ಟರಲ್ಲಿ ಮನೆಯಾಗದಿದ್ದರೆ ಮಗಳು ಸುಜಾತಳನ್ನು ಕರೆದುಕೊಂಡು ನಾನು ಮೈಸೂರಿಗೆ, ಅಮ್ಮನ ಮನೆಗೆ ವಾಪಸು. ಇವರು ಇಲ್ಲಿ ಒಂಟಿ. ನಾವು ಬೌದ್ಧರು. ರೈಲ್ವೆ ವರ್ಕ್‌ಶಾಪಿನಲ್ಲಿದ್ದ ನನ್ನ ಮಾವ ಬುದ್ಧನನ್ನು ಮನೆಗೆ ತಂದರು. ಅದಕ್ಕೆ ಮೊದಲು ನಾವು ಯಾವ ಕೇರಿಯವರಾಗಿದ್ದೆವು ಎಂಬುದನ್ನು ಜನ ಬುದ್ಧನ ಹೆಸರು ಕೇಳಿದ ಕೂಡಲೇ ಲೆಕ್ಕ ಹಾಕಿಕೊಳ್ಳುತ್ತಾರೆ. ಆಮೇಲೆ ಖಾಲಿ ಮನೆಗಳು ಖಾಲಿ ಇರುವುದಿಲ್ಲ.

ಭಾನುವಾರ ಬೆಳಗಾಗುವಷ್ಟರಲ್ಲಿ ಮಾಸ್ತರರು ಹಾಜರ್. ಮಗಳನ್ನು ಒಲಿಸಿಕೊಳ್ಳಲು ಅವರಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. "ಕಣ್ಣು ಮುಚ್ಚಿ ನಡಿಯವ್ವಾ, ವಾಸನಿ ಮ್ಯಾಲೆ ಹೇಳು, ಏನೈತಿ ಇಲ್ಲಿ?" ಎಂಬ ಆಟ. ಮೈಸೂರಿನ ಮಗುವಿಗೆ ಊದುಬತ್ತಿ, ಮಲ್ಲಿಗೆ ಗೊತ್ತು. ಇಲ್ಲಿ ಶೇಂಗಾ ಎಣ್ಣೆಯ ಮಿಲ್ಲು, ಹತ್ತಿ ತುಂಬಿದ ಅಂಡಿಗೆ, ಬೆಳಗಿಗೇ ಕರಿಯುವ ಮಿರ್ಚಿ. ಅವಳು ಎಲ್ಲದಕ್ಕೂ "ಬಜ್ಜಿ!" ಎಂದು ಕೂಗುತ್ತಿದ್ದಳು. ಇವರು ನಗುತ್ತಿದ್ದರು. ನಾನು ಮಾತ್ರ ಮಾಸ್ತರರ ಬೆನ್ನನ್ನೇ ನೋಡುತ್ತ ನಡೆದೆ.

ನೋಡುವಂಥ ಗುಡಿಯ ಮುಂದೆ ಆ ಬೆನ್ನು ನಿಲ್ಲುತ್ತಿರಲಿಲ್ಲ. ಒಂದೊಂದು ಓಣಿಯಲ್ಲೂ, ಮೈಸೂರಿನಲ್ಲಿ ನಾವು ಬೀದಿ ಎನ್ನುತ್ತೇವಲ್ಲ ಅದರಲ್ಲಿ, ಯಾರದೋ ಮನೆಯ ಕಟ್ಟೆಯ ಮುಂದೆ ನಿಲ್ಲುತ್ತಿತ್ತು. ಕೂಡ್ರಿ ಎನ್ನುವರು, ಚಹಾ ಬರುವುದು. ಆಮೇಲೆ ಪ್ರಶ್ನೆಗಳು. ಯಾವೂರು, ಮನೆಯಲ್ಲಿ ಎಷ್ಟು ಮಂದಿ. ಹೆಂಚಿನ ದೊಡ್ಡ ಮನೆಯೊಂದರ ಯಜಮಾನತಿ ನೇರವಾಗಿ, "ಮನಿದೇವರು ಯಾವುದ್ರಿ ನಿಮ್ದು?" ಎಂದರು. ಮೈಸೂರಿನಲ್ಲಿ "ನೀವು ಯಾವ ಪೈಕಿ?" ಎಂದು ಕೇಳುತ್ತಾರಲ್ಲ, ಅದಕ್ಕೆ ಇಲ್ಲಿಯ ಮಾತು ಇದು. ಇವರು ಕೆಮ್ಮಿದರು. ಕೆಮ್ಮು ಮುಗಿಯುವ ಮೊದಲೇ ಆಕೆ, "ನಮ್ಮ ಹಿಂದಿನ ಮನಿ ಖಾಲಿ ಇಲ್ಲರಿ. ಮಗಳು ಬಾಣಂತನಕ್ಕ ಬರ್ತಾಳ" ಎಂದರು.

ನಾವು ಮನೆ ಕೇಳಿಯೇ ಇರಲಿಲ್ಲ!

ನನಗೆ ಮೈಯೆಲ್ಲ ಉರಿಯಿತು. ಓಣಿಯ ತಿರುವಿಗೆ ಬಂದ ಕೂಡಲೇ ಕೇಳಿದೆ, "ಮೇಷ್ಟ್ರೇ, ನಮಗೆ ಊರು ತೋರಿಸ್ತಿದ್ದೀರೋ, ಊರಿಗೆ ನಮ್ಮನ್ನ ತೋರಿಸ್ತಿದ್ದೀರೋ?"

ಅವರು ಒಂದಿಷ್ಟೂ ಗಲಿಬಿಲಿಗೊಳ್ಳಲಿಲ್ಲ. "ಎರಡೂ ಹೌದ್ರಿ ಅಮ್ಮಾರ. ಇಲ್ಲಿ ಮನಿ ಬಾಡಿಗಿಗೈತಿ ಅಂತ ಯಾರೂ ಬೋರ್ಡ್ ಹಾಕಂಗಿಲ್ಲ. ನೋಡಿದ ಮುಖಕ್ಕ ಕೊಡ್ತಾರ. ಅದಕ್ಕ ಮುಖ ತೋರಸ್ಕೊಂತ ಹೊಂಟೀನಿ."

"ಮುಖ ಅಷ್ಟೇನಾ ಅವರು ನೋಡೋದು?"

ಮಾಸ್ತರರು ಸುಜಾತಳ ಕೈ ಹಿಡಿದು ಮುಂದಿನ ಓಣಿಗೆ ನಡೆದರು.

ಅಲ್ಲಿ ಹಾಲವ್ವ ಎಂಬ ಅಜ್ಜಿ ಅಂಗಳದಲ್ಲಿ ಶೇಂಗಾ ಸುಲಿಯುತ್ತಿದ್ದರು. ಅವರು ಬಾಯಿ ತೆರೆಯುವ ಮೊದಲೇ ನಾನೇ ಹೇಳಿಬಿಟ್ಟೆ: "ಅಜ್ಜಿ, ನಾವು ಬೌದ್ಧರು. ನಮಗೆ ಮನೆದೇವರು ಇಲ್ಲ. ಗೋಡೆಗೆ ಬುದ್ಧನ ಪಟ ಹಾಕ್ತೀವಿ. ಮನೆ ಕೊಡೋದಾದರೆ ಕೊಡಿ, ಚಹಾ ಬೇಡ." ಇವರು ನೆಲ ನೋಡಿದರು.

ಹಾಲವ್ವ ಶೇಂಗಾ ಬಿಡಿಸುವುದನ್ನು ನಿಲ್ಲಿಸಲಿಲ್ಲ. "ಪಟಕ್ಕ ಮೊಳಿ ಬಡಿಬ್ಯಾಡ್ರಿ, ಮಣ್ಣಿನ ಗ್ವಾಡಿ, ಉದುರತೈತಿ. ಮಾಡದಾಗ ಇಡ್ರಿ" ಎಂದರು. ಸಿಪ್ಪೆ ಪಕ್ಕಕ್ಕೆ ಸರಿಸಿ, "ಬಾವಿ ಒಂದ ಐತಿ ತಂಗಿ. ನೀವು ಸೇದಿದ್ರ ಮಂದಿ ಏನಾರ ಅಂತಾರ, ಅನ್ಲಿ. ನಿಮಗ ಬ್ಯಾರೆ ಬಾವಿ ತೋಡಿಸಾಕ ನನ್ನ ಕೈಲಿ ಆಗಂಗಿಲ್ಲ" ಎಂದರು.

ಹೀಗೆ ಮನೆಯಾಯಿತು. ಮಾಡವೆಂದರೆ ಗೋಡೆಯೊಳಗಿನ ಗೂಡು, ಬುದ್ಧ ಅದರಲ್ಲಿ ಸುಖವಾಗಿದ್ದಾನೆ. ನನಗೆ ರೊಟ್ಟಿ ಬಡಿಯಲು ಬಂತು. ಮೊದಮೊದಲು ಅದು ಹರಿದಾಗ ಹಾಲವ್ವ ನಕ್ಕಷ್ಟು ನನ್ನ ಅತ್ತೆಯೂ ನಕ್ಕಿರಲಿಲ್ಲ. ರಜೆಗೆ ಮೈಸೂರಿಗೆ ಬಂದಾಗ ಸುಜಾತ "ನಮ್ಮನಿಯಾಗ ಐತಿ" ಎನ್ನುತ್ತಾಳೆ, ನೀವೆಲ್ಲ ನಗುತ್ತೀರಿ. ಅಲ್ಲಿ ನಾನು ಕೊಟ್ಟೂರಿನವಳು, ಇಲ್ಲಿ ಮೈಸೂರಿನ ಅಮ್ಮಾರು.

ಮಾಸ್ತರರ ಭಾನುವಾರದ ಸುತ್ತಾಟ ಈಗಲೂ ನಡೆದಿದೆ. ಕೊನೆಯ ಕಟ್ಟೆ ನಮ್ಮದೇ. ಹೊಸ ಸಂಸಾರವನ್ನು ಕೂರಿಸಿ, ನಾನು ಕೊಟ್ಟ ನೀರು ಗಟಗಟ ಕುಡಿದು, ಚಹಾಕ್ಕೆ ಇನ್ನಷ್ಟು ಸಕ್ಕರೆ ಕೇಳುತ್ತಾರೆ. ಒಳ್ಳೆಯವರು. ಆದರೂ ಅನುಮಾನದ ಬುದ್ಧಿ ನನ್ನದು. ಇಡೀ ಊರು ತೋರಿಸಿದವರು ತಮ್ಮ ಓಣಿಯನ್ನು ಮಾತ್ರ ತೋರಿಸಿಲ್ಲವಲ್ಲ ಎಂದು ಒಂದು ದಿನ ಹೊಳೆಯಿತು. "ಮೇಷ್ಟ್ರೇ, ನಿಮ್ಮ ಮನೆ ಯಾವ ಕಡೆ? ಒಂದ್ಸಲ ನಾವೂ ಬರ್ತೀವಿ" ಎಂದೆ.

ಅವರು ಲೋಟ ಕೆಳಗಿಟ್ಟರು. "ನಮ್ಮವ್ವ ಇನ್ನೂ ಅದಾಳ್ರಿ ಅಮ್ಮಾರ, ಮನಿಯಾಗ. ಆಕಿ ಮನಿದೇವರು ಕೇಳ್ತಾಳ" ಎಂದರು. ಮುಖ ಎತ್ತಲಿಲ್ಲ.

ಇನ್ನೊಂದು ಲೋಟ ನೀರು ತಂದುಕೊಟ್ಟೆ. ಕುಡಿದರು.